ಅಸಲಿ ಯಾವುದು, ಅಲಿಯಾಸ್ ಯಾವುದು?

ಹತ್ತು ಹನ್ನೆರಡು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರದ ಯಾವ ಡಿಟಿಪಿ ಅಂಗಡಿಯಲ್ಲಾದರೂ ಕಾಣಸಿಗುತ್ತಿದ್ದ ದೃಶ್ಯವಿದು. ಲಗ್ನಪತ್ರಿಕೆಯ ಕರಡನ್ನೋ ಕಾಲೇಜಿನ ಪ್ರಾಜೆಕ್ಟ್ ವರದಿಯನ್ನೋ ತುಂಬಿಕೊಂಡು ಬಂದವರು ಪೆನ್‌ಡ್ರೈವನ್ನು ಅಂಗಡಿ ಹುಡುಗನ ಕೈಗೆ ಕೊಡುತ್ತಾರೆ. ಕಂಪ್ಯೂಟರಿಗೆ ಚುಚ್ಚಿ ನೋಡಿದರೆ ಫೋಲ್ಡರುಗಳೆಲ್ಲ ಇದ್ದಲ್ಲೇ ಇವೆ, ಹೆಸರುಗಳೂ ಅವೇ. ಆದರೆ ಪ್ರತಿಯೊಂದರ ಎಡ ಮೂಲೆಯಲ್ಲೂ ಒಂದು ಪುಟ್ಟ ಬಾಣ. ಗಾತ್ರ ನೋಡಿದರೆ ಒಂದೋ ಎರಡೋ ಕೆಬಿ. ‘ಶಾರ್ಟ್‌ಕಟ್ ವೈರಸ್ ಸಾರ್’ ಎಂದು ಹುಡುಗ ತಲೆ ಎತ್ತದೆಯೇ ಹೇಳಿ, ಕಪ್ಪು ಪರದೆ ತೆರೆದು, ‘ಆಟ್ರಿಬ್’ ಎಂದು ಶುರುವಾಗುವ ಬಾಯಿಪಾಠದ ಸಾಲೊಂದನ್ನು ಕುಟ್ಟುತ್ತಾನೆ. ಅಡಗಿ ಕುಳಿತಿದ್ದ ಅಸಲಿ ಫೋಲ್ಡರುಗಳು ಒಂದೊಂದಾಗಿ ಹೊರಬರುತ್ತವೆ.

ವೈರಸ್ಸಿನ ಕರಾಮತ್ತು ಬಹಳ ಸರಳ. ಅಸಲಿ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಒಂದು ಶಾರ್ಟ್‌ಕಟ್ಟನ್ನು ಅದರ ಜಾಗದಲ್ಲಿ ಕೂರಿಸುವುದು. ಅದನ್ನು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಅಸಲಿ ಫೋಲ್ಡರ್ ತೆರೆದುಕೊಳ್ಳುತ್ತದೆ. ಬಳಸುವವರಿಗೆ ಅನುಮಾನವೇ ಬಾರದು. ಶಾರ್ಟ್‌ಕಟ್ ಫೈಲಿನ ಹೆಸರಿನ ಕೊನೆಗೆ ‘ಎಲ್‌ಎನ್‌ಕೆ’ ಎಂಬ ಬಾಲ ಇರುತ್ತದಾದರೂ, ಫೈಲುಗಳ ಬಾಲ ತೋರಿಸು ಎಂದು ವಿಂಡೋಸಿಗೆ ಹೇಳಿದ ಮೇಲೂ ಅದು ಈ ಒಂದು ಬಾಲವನ್ನು ಮಾತ್ರ ತೋರಿಸುವುದಿಲ್ಲ. ಉಳಿದ ಸುಳಿವೆಂದರೆ ಆ ಬಾಣವೊಂದೇ.

ಮನುಷ್ಯರು ಹೆಸರು ನೋಡಿ ಮೋಸ ಹೋಗುವುದು ಸಹಜ. ಆದರೆ ದಿನಕ್ಕೆ ಸಾವಿರಾರು ಫೈಲುಗಳನ್ನು ತೆರೆದು, ನಕಲು ಮಾಡಿ, ಅಳಿಸಿ ಹಾಕುವ ಸಾಫ್ಟ್‌ವೇರುಗಳೂ ಹೀಗೇ ಹೆಸರಿಗೆ ಮರುಳಾಗುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹಾಗೆ ಮರುಳಾದಾಗ ಹೋಗುವುದು ಬಳಕೆದಾರರ ಫೋಟೊ, ಲೆಕ್ಕಪತ್ರ, ವರ್ಷಗಳ ಬರಹ. ತಾನು ಮುಟ್ಟುತ್ತಿರುವುದು ಅಸಲಿಯೋ ಅಲಿಯಾಸೋ ಎಂದು ಖಚಿತಪಡಿಸಿಕೊಳ್ಳದ ಸಾಫ್ಟ್‌ವೇರಿಗೆ ಒಂದೇ ಒಂದು ಫೈಲನ್ನೂ ಅಳಿಸುವ ಹಕ್ಕಿರಬಾರದು.

‘ಅಲಿಯಾಸ್’ ಎಂಬ ಮಾತು ಕನ್ನಡ ಓದುಗರಿಗೆ ಪತ್ರಿಕೆಗಳ ಅಪರಾಧ ಪುಟದಿಂದ ಚಿರಪರಿಚಿತ. ಆರೋಪಿಯ ಹೆಸರಿನ ಮುಂದೆ ಅಲಿಯಾಸ್ ಕುಳ್ಳ, ಅಲಿಯಾಸ್ ಕರಿಯ ಎಂದು ಇರುತ್ತದಲ್ಲ, ಅದೇ. ಕಂಪ್ಯೂಟರಿನಲ್ಲಿ ಈ ಮಾತನ್ನು ಜನಸಾಮಾನ್ಯರ ಮೇಜಿಗೆ ತಂದದ್ದು ಆ್ಯಪಲ್. 1991ರ ಮೇ ತಿಂಗಳಲ್ಲಿ ಬಂದ ಮ್ಯಾಕಿಂಟಾಷ್‌ನ ಸಿಸ್ಟಮ್ 7ರಲ್ಲಿ ಯಾವುದೇ ಫೈಲಿಗೆ ಒಂದು ಅಲಿಯಾಸ್ ಮಾಡಿ ಬೇಕಾದ ಕಡೆ ಇಟ್ಟುಕೊಳ್ಳಬಹುದಿತ್ತು. ಅಲಿಯಾಸಿನ ಹೆಸರು ಓರೆ ಅಕ್ಷರದಲ್ಲಿ ಕಾಣುತ್ತಿತ್ತು. ಅಸಲಿ ಫೈಲನ್ನು ಬೇರೆ ಫೋಲ್ಡರಿಗೆ ಎತ್ತಿಟ್ಟರೂ ಅಲಿಯಾಸ್ ಅದನ್ನು ಹುಡುಕಿ ತರುತ್ತಿತ್ತು. ಏಕೆಂದರೆ ಅದು ವಿಳಾಸದ ಜೊತೆಗೆ ಫೈಲಿನ ಆಂತರಿಕ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ನಾಲ್ಕು ವರ್ಷಗಳ ನಂತರ, 1995ರ ಆಗಸ್ಟ್‌ನಲ್ಲಿ, ವಿಂಡೋಸ್ 95 ತನ್ನ ಶಾರ್ಟ್‌ಕಟ್ಟುಗಳೊಂದಿಗೆ ಬಂತು.

ಯುನಿಕ್ಸ್ ಲೋಕದಲ್ಲಿ ಇದಕ್ಕೂ ಹಳೆಯ ಎರಡು ಬಗೆಗಳಿದ್ದವು. ಒಂದು ಹಾರ್ಡ್ ಲಿಂಕ್: ಒಂದೇ ಫೈಲಿಗೆ ಎರಡು ಹೆಸರು, ಎರಡೂ ಸಮಾನ, ಯಾವುದೂ ಅಸಲಿಯಲ್ಲ, ಯಾವುದೂ ನಕಲಿಯಲ್ಲ. ಇನ್ನೊಂದು 1983ರ ಬಿಎಸ್‌ಡಿ ಯುನಿಕ್ಸ್‌ನ 4.2 ಆವೃತ್ತಿಯಲ್ಲಿ ಬಂದ ಸಿಂಬಾಲಿಕ್ ಲಿಂಕ್, ಅಂದರೆ ಸಿಮ್‌ಲಿಂಕ್: ‘ಆ ಫೈಲು ಅಲ್ಲಿದೆ, ಹೋಗಿ ನೋಡು’ ಎಂದು ಬರೆದಿಟ್ಟ ಚೀಟಿ. ಆ ಜಾಗದಿಂದ ಫೈಲನ್ನು ತೆಗೆದರೆ ಚೀಟಿ ಉಳಿಯುತ್ತದೆ, ಫೈಲು ಸಿಗುವುದಿಲ್ಲ. ವಿಂಡೋಸ್ ತಾನೂ ಹಿಂದುಳಿಯಬಾರದೆಂದು ವಿಂಡೋಸ್ 2000ದಲ್ಲಿ ‘ಜಂಕ್ಷನ್’ ಎಂಬ ಫೋಲ್ಡರ್ ಕೊಂಡಿಯನ್ನೂ, ವಿಸ್ಟಾದಲ್ಲಿ ಸಿಮ್‌ಲಿಂಕ್ ಅನ್ನೂ ಸೇರಿಸಿಕೊಂಡಿತು. 2001ರಲ್ಲಿ ಮ್ಯಾಕ್ ಯುನಿಕ್ಸ್ ತಳಹದಿಗೆ ಬದಲಾದಾಗ ಅದರ ಮನೆಯಲ್ಲಿ ಹಳೆಯ ಅಲಿಯಾಸೂ ಹೊಸ ಸಿಮ್‌ಲಿಂಕೂ ಒಟ್ಟಿಗೆ ಸಂಸಾರ ಹೂಡಿದವು.

ಪೇಚು ಶುರುವಾಗುವುದು ಇಲ್ಲಿಂದಲೇ. ಮ್ಯಾಕ್‌ನಲ್ಲಿ ಫೈಲುಗಳನ್ನು ತೋರಿಸುವ ಫೈಂಡರ್ ಮಾಡಿಕೊಡುವ ಅಲಿಯಾಸ್ ಯುನಿಕ್ಸ್ ಕಣ್ಣಿಗೆ ಅಲಿಯಾಸೇ ಅಲ್ಲ. ಏನೋ ಅರ್ಥವಾಗದ ಬೈಟುಗಳಿರುವ ಮಾಮೂಲಿ ಫೈಲು. ಅದನ್ನು ಟರ್ಮಿನಲ್ಲಿನಲ್ಲಿ ತೆರೆದರೆ ಅಸಲಿ ಫೈಲು ಬರುವುದಿಲ್ಲ, ಅಲಿಯಾಸಿನ ಒಡಲು ಹೊರಬೀಳುತ್ತದೆ. ಲಿನಕ್ಸ್‌ಗೆಂದು ಬರೆದ ಪ್ರೋಗ್ರಾಮನ್ನು ಹಾಗೇ ಮ್ಯಾಕ್‌ಗೆ ತಂದವರು ‘ಇದು ಸಿಮ್‌ಲಿಂಕೇ?’ ಎಂದಷ್ಟೇ ಕೇಳಿ ಮುಂದೆ ಹೋಗುತ್ತಾರೆ. ಉತ್ತರ ‘ಅಲ್ಲ’ ಎಂದು ಬರುತ್ತದೆ. ಉತ್ತರ ಸುಳ್ಳಲ್ಲ, ಪ್ರಶ್ನೆಯೇ ಸಾಲದು. ಆ್ಯಪಲ್ ಪ್ರೋಗ್ರಾಂ ಬರೆಯುವವರಿಗೆಂದು ಕೊಟ್ಟ ತನ್ನ ಕೋಕೋ ಸವಲತ್ತಿನಲ್ಲಿ ಅಲಿಯಾಸ್, ಸಿಮ್‌ಲಿಂಕ್ ಎರಡನ್ನೂ ಗುರುತಿಸುವ ಪ್ರಶ್ನೆಯನ್ನೇ ಬೇರೆಯಾಗಿ ಇಟ್ಟಿದೆ. ಕೇಳುವವರು ಅದನ್ನು ಕೇಳಬೇಕು, ಅಷ್ಟೆ.

ವಿಂಡೋಸಿನಲ್ಲಿ ತೊಂದರೆ ತಲೆಕೆಳಗು. ಅಲ್ಲಿ ಜಂಕ್ಷನ್, ಸಿಮ್‌ಲಿಂಕ್ ಎರಡೂ ‘ರಿಪಾರ್ಸ್ ಪಾಯಿಂಟ್’ ಎಂಬ ಒಂದೇ ಏರ್ಪಾಡಿನ ಮೇಲೆ ನಿಂತಿವೆ. ಆ ಗುರುತು ಕಂಡರೆ ಸಾಕು, ಅದು ಕೊಂಡಿಯೇ ಎಂದು ಬಹಳ ಮಂದಿ ಪ್ರೋಗ್ರಾಂ ಬರೆದಿಟ್ಟರು. ಆದರೆ 2017ರಲ್ಲಿ ಬಂದ ಒನ್‌ಡ್ರೈವ್‌ನ ‘ಬೇಕಾದಾಗ ಇಳಿಸಿಕೊಳ್ಳುವ ಫೈಲು’ಗಳೂ ಇದೇ ಏರ್ಪಾಡನ್ನು ಬಳಸುತ್ತವೆ. ಅವು ಯಾರ ಅಲಿಯಾಸೂ ಅಲ್ಲ, ಅಸಲಿ ದಾಖಲೆಗಳೇ. ಗುರುತು ಕಂಡ ಕೂಡಲೇ ‘ಕೊಂಡಿ ಇರಬೇಕು, ಬಿಟ್ಟುಬಿಡು’ ಎನ್ನುವ ಬ್ಯಾಕಪ್ ಸಾಫ್ಟ್‌ವೇರ್ ಬಳಕೆದಾರರ ಅಸಲಿ ಫೈಲುಗಳನ್ನೇ ಬಿಟ್ಟುಬಿಡುವ ಅಪಾಯವಿದೆ. ಗುರುತಿನ ಒಳಗಿರುವ ಬಗೆಯನ್ನೂ ಓದಬೇಕೆಂಬುದು ಮೈಕ್ರೋಸಾಫ್ಟ್ ದಾಖಲೆಗಳಲ್ಲೇ ಇದೆ.

ಹಾಗಾದರೆ ನೆಚ್ಚಬಹುದಾದ ದಾರಿ ಯಾವುದು? ಅದನ್ನು ತಿಳಿಯಲು ಪಹಣಿ ನೋಡಿದವರಿಗೆ ಕಷ್ಟವಿಲ್ಲ.

ಊರಿನಲ್ಲಿ ಒಂದೇ ಜಮೀನನ್ನು ಅಜ್ಜಿ ‘ಹುಣಸೇಮರದ ಹೊಲ’ ಎನ್ನುತ್ತಾಳೆ, ದಾಯಾದಿಗಳು ‘ಮೂಡಲ ಹೊಲ’ ಎನ್ನುತ್ತಾರೆ, ಪಕ್ಕದೂರಿನವರು ‘ಪಟೇಲರ ಹೊಲ’ ಎನ್ನುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈ ಹೆಸರುಗಳು ಯಾವುವೂ ನಡೆಯುವುದಿಲ್ಲ, ಸರ್ವೆ ನಂಬರ್ ಬೇಕು. ಬರೀ ‘ಸರ್ವೆ ನಂಬರ್ 42’ ಎಂದರೂ ಆಗದು, ಯಾವ ಗ್ರಾಮದ 42 ಎಂದು ಹೇಳಬೇಕು. ಊರೂರಿಗೂ ಒಂದು 42 ಇದ್ದೇ ಇರುತ್ತದೆ. ಕಂಪ್ಯೂಟರಿನ ಡಿಸ್ಕಿನಲ್ಲೂ ಹೀಗೇ. ಪ್ರತಿ ಫೈಲಿಗೂ ಒಂದು ಸಂಖ್ಯೆ ಇದೆ; ಯುನಿಕ್ಸ್ ಮಂದಿ ಅದನ್ನು ಐನೋಡ್ ಎನ್ನುತ್ತಾರೆ. ಡಿಸ್ಕಿಗೂ ಒಂದು ಸಂಖ್ಯೆ ಇದೆ. ಎರಡೂ ಹೊಂದಿದರೆ, ಹೆಸರು ಎಷ್ಟೇ ಬೇರೆಯಿದ್ದರೂ ಫೈಲು ಒಂದೇ. ಯುನಿಕ್ಸಿನ ಹಳೆಯ ‘ಸಿಪಿ’ ಆಜ್ಞೆಗೆ ಒಂದು ಫೈಲನ್ನು ಅದರದೇ ಇನ್ನೊಂದು ಹೆಸರಿನ ಮೇಲೆ ನಕಲು ಮಾಡಲು ಹೇಳಿ ನೋಡಿ. ‘ಎರಡೂ ಒಂದೇ ಫೈಲು’ ಎಂದು ಹೇಳಿ ಅದು ಕೈಕಟ್ಟಿ ನಿಲ್ಲುತ್ತದೆ.

ಈ ಪ್ರಶ್ನೆ ಕೇಳುವುದಕ್ಕೆ ಈಗ ಹೊಸದಾಗಿ ಏನನ್ನೂ ಬರೆಯಬೇಕಿಲ್ಲ. ‘ಇವೆರಡೂ ಒಂದೇ ಫೈಲೇ?’ ಎಂದು ಕೇಳುವ ಸಿದ್ಧ ಸವಲತ್ತು ಪೈಥಾನ್‌ನಲ್ಲಿದೆ, 2011ರ ಜಾವಾ 7ರಿಂದ ಜಾವಾದಲ್ಲಿದೆ, ಸಿ ಪ್ಲಸ್ ಪ್ಲಸ್‌ನ 2017ರ ಆವೃತ್ತಿಯಿಂದ ಅಲ್ಲೂ ಇದೆ. ಆದರೂ ಎರಡು ವಿಳಾಸಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ‘ಬೇರೆ ಬೇರೆ’ ಎಂದು ತೀರ್ಪು ಕೊಡುವ ಪ್ರೋಗ್ರಾಮುಗಳು ಇಂದಿಗೂ ಹುಟ್ಟುತ್ತಲೇ ಇವೆ.

ಸರ್ವೆ ನಂಬರಿಗೂ ಇತಿಮಿತಿ ಉಂಟು. ಅಳಿಸಿಹೋದ ಫೈಲಿನ ಸಂಖ್ಯೆಯನ್ನು ವ್ಯವಸ್ಥೆ ನಾಳೆ ಇನ್ನೊಂದಕ್ಕೆ ಕೊಡಬಹುದು. ಆದ್ದರಿಂದ ನಿನ್ನೆ ಬರೆದಿಟ್ಟುಕೊಂಡ ಸಂಖ್ಯೆಯನ್ನು ಇವತ್ತು ಪುರಾವೆ ಎನ್ನುವಂತಿಲ್ಲ. ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ಫ್ಯಾಟ್ ಮಾದರಿಯಲ್ಲಿ ಇಂಥ ಶಾಶ್ವತ ಸಂಖ್ಯೆಯೇ ಇಲ್ಲ. ಒಂದೇ ಸರ್ವರಿಗೆ ನೆಟ್‌ವರ್ಕಿನಲ್ಲಿ ಎರಡು ದಾರಿಯಿಂದ ಹೋದರೆ ಒಂದೇ ಊರು ಎರಡು ಊರಿನಂತೆ ಕಾಣಬಹುದು. ಹಾಗಾಗಿ ಎರಡು ಫೈಲುಗಳನ್ನೂ ಒಟ್ಟಿಗೆ ತೆರೆದು ಹಿಡಿದು, ಆ ಹೊತ್ತಿಗೆ ಹೋಲಿಸುವುದು ಸರಿಯಾದ ಕ್ರಮ. ಖಚಿತವಾಗದಿದ್ದರೆ ‘ಗೊತ್ತಿಲ್ಲ’ ಎಂಬ ಉತ್ತರಕ್ಕೂ ಪ್ರೋಗ್ರಾಮಿನಲ್ಲಿ ಜಾಗ ಇರಬೇಕು. ಬಹಳಷ್ಟು ಅನಾಹುತಗಳು ನಡೆದಿರುವುದು ಆ ಜಾಗ ಇಲ್ಲದ ಕಡೆಯಲ್ಲೇ.

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ದೊಡ್ಡದೊಂದು ಅಪ್‌ಡೇಟ್ ಬಿಟ್ಟಿತು. ಕೆಲವೇ ದಿನಗಳಲ್ಲಿ ‘ಡಾಕ್ಯುಮೆಂಟ್ಸ್ ಖಾಲಿಯಾಗಿದೆ, ಫೋಟೊಗಳು ಮಾಯ’ ಎಂಬ ದೂರುಗಳು ಬಂದು, ಕಂಪನಿ ಅಪ್‌ಡೇಟನ್ನು ತಡೆಹಿಡಿಯಬೇಕಾಯಿತು. ಆಮೇಲೆ ಕಂಪನಿಯೇ ಕಾರಣ ವಿವರಿಸಿತು. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ಫೋಲ್ಡರುಗಳನ್ನು ಸಿ ಡ್ರೈವಿನಿಂದ ಬೇರೆ ಡ್ರೈವಿಗೆ ತಿರುಗಿಸಿಕೊಳ್ಳುವ ಸೌಲಭ್ಯ ವಿಂಡೋಸಿನಲ್ಲಿದೆ. ಹಾಗೆ ತಿರುಗಿಸಿಕೊಂಡವರ ಕಂಪ್ಯೂಟರಿನಲ್ಲಿ ಹಳೆಯ ಜಾಗದಲ್ಲೂ ಅದೇ ಹೆಸರಿನ ಖಾಲಿ ಫೋಲ್ಡರ್ ಕಾಣುತ್ತದೆ ಎಂಬ ತಕರಾರು ಹಿಂದಿನ ಅಪ್‌ಡೇಟ್ ಹೊತ್ತಿಗೆ ಬಂದಿತ್ತು. ಅಂಥ ‘ಖಾಲಿ ಜೋಡಿ’ಗಳನ್ನು ಗುಡಿಸಿ ಹಾಕಲು ಹೊಸ ಕೋಡ್ ಬರೆದರು. ಆದರೆ ಕೆಲವರು ಫೋಲ್ಡರಿನ ದಿಕ್ಕು ಬದಲಿಸಿದ್ದರೇ ಹೊರತು ಹಳೆಯ ಫೈಲುಗಳನ್ನು ಸಾಗಿಸಿರಲಿಲ್ಲ. ಆ ಹಳೆಯ ಫೋಲ್ಡರ್ ಖಾಲಿ ಇರಲಿಲ್ಲ. ಪೊರಕೆ ಅದನ್ನೂ ಗುಡಿಸಿತು.

ದೂರು ಕೊಟ್ಟವರು ಅಪ್‌ಡೇಟ್ ಹಾಕಿಸಿಕೊಂಡವರಲ್ಲಿ ಶೇ 0.01ರಷ್ಟು ಮಾತ್ರ ಎಂದು ಮೈಕ್ರೋಸಾಫ್ಟ್ ಹೇಳಿತು. ಹತ್ತು ಸಾವಿರಕ್ಕೆ ಒಬ್ಬರು. ಸಾಫ್ಟ್‌ವೇರ್ ತಂಡಗಳು ಅಲಿಯಾಸ್ ವಿಷಯವನ್ನು ಬದಿಗೊತ್ತುವಾಗ ಹೇಳುವ ಮಾತೂ ಇದೇ ಧಾಟಿಯದು: ಇದು ತೀರಾ ಅಪರೂಪದ ಸಂಗತಿ, ಪ್ರತಿ ಫೈಲಿಗೂ ಇಷ್ಟೆಲ್ಲ ವಿಚಾರಣೆ ನಡೆಸುತ್ತ ಕೂತರೆ ವೇಗ ಕುಸಿಯುತ್ತದೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಲಕ್ಷ ಫೈಲುಗಳ ಪಟ್ಟಿ ತೋರಿಸುವಾಗ ಒಂದೊಂದನ್ನೂ ತೆರೆದು ನೋಡುವುದು ಭಾರವೇ. ಆದರೆ ಪಟ್ಟಿ ತೋರಿಸುವುದು ಬೇರೆ, ಅಳಿಸುವುದು ಬೇರೆ. ಪಟ್ಟಿಯಲ್ಲಿ ತಪ್ಪಿದರೆ ಮತ್ತೆ ತೋರಿಸಬಹುದು. ಅಳಿಸುವ ಮುಂಚಿನ ವಿಚಾರಣೆಗೆ ಹಿಡಿಯುವ ಸಮಯವನ್ನು ಯಾವ ಬಳಕೆದಾರರೂ ಗಡಿಯಾರ ಹಿಡಿದು ಅಳೆಯುವುದಿಲ್ಲ.

2015ರ ಜನವರಿಯಲ್ಲಿ ಲಿನಕ್ಸ್ ಬಳಸುವ ಆಟಗಾರರೊಬ್ಬರು ಸ್ಟೀಮ್ ಎಂಬ ಹೆಸರಾಂತ ಗೇಮ್ ತಂತ್ರಾಂಶದ ಬಗ್ಗೆ ಕೊಟ್ಟ ದೂರು ಇನ್ನೂ ಭಯಂಕರ. ಅವರು ಸ್ಟೀಮ್ ಫೋಲ್ಡರನ್ನು ಬೇರೆ ಕಡೆ ಎತ್ತಿಟ್ಟು, ಹಳೆಯ ಜಾಗದಲ್ಲಿ ಒಂದು ಸಿಮ್‌ಲಿಂಕ್ ಇಟ್ಟಿದ್ದರು. ಲಿನಕ್ಸ್ ಬಳಸುವವರು ನಿತ್ಯ ಮಾಡುವ ಕೆಲಸವೇ. ಸ್ಟೀಮ್‌ನ ಸ್ಕ್ರಿಪ್ಟ್ ‘ನನ್ನ ಮನೆ ಎಲ್ಲಿ?’ ಎಂದು ಹುಡುಕಿತು, ಸಿಗಲಿಲ್ಲ. ಉತ್ತರದ ಜಾಗ ಖಾಲಿ ಉಳಿಯಿತು. ಮುಂದಿನ ಸಾಲು ‘ನನ್ನ ಮನೆಯೊಳಗಿರುವುದನ್ನೆಲ್ಲ ಅಳಿಸು’ ಎಂದಿತ್ತು. ಮನೆಯ ಹೆಸರೇ ಖಾಲಿಯಾದ್ದರಿಂದ ಅದು ಇಡೀ ಕಂಪ್ಯೂಟರಿನ ಬೇರಿನಿಂದಲೇ ಅಳಿಸಲು ಹೊರಟು, ಕೈಗೆ ಸಿಕ್ಕ ಅವರ ಸ್ವಂತ ಫೈಲುಗಳನ್ನೆಲ್ಲ ನುಂಗಿತು. ಜೋಡಿಸಿಟ್ಟಿದ್ದ ಬ್ಯಾಕಪ್ ಡಿಸ್ಕೂ ಹೋಯಿತು. ಆ ಸಾಲಿನ ಬಳಿ, ಬರೆದವರೇ ‘ಭಯವಾಗುತ್ತದೆ’ ಎಂಬರ್ಥದ ಟಿಪ್ಪಣಿ ಹಾಕಿಟ್ಟಿದ್ದರು. ಭಯವಾಗಿತ್ತು, ನಿಜ. ಆದರೆ ಖಾಲಿ ಉತ್ತರ ಬಂದರೆ ನಿಲ್ಲು ಎಂಬ ಒಂದು ಸಾಲು ಬರೆದಿರಲಿಲ್ಲ.

ಸುತ್ತಿ ಸುತ್ತಿ ಬೀಳುವ ಬಾವಿಗಳೂ ಇವೆ. ವಿಸ್ಟಾದಿಂದೀಚೆಗೆ ವಿಂಡೋಸಿನಲ್ಲಿ ಹಳೆಯ ಪ್ರೋಗ್ರಾಮುಗಳ ಅನುಕೂಲಕ್ಕೆಂದು ಹಳೆಯ ಫೋಲ್ಡರ್ ಹೆಸರುಗಳನ್ನು ಜಂಕ್ಷನ್ ಆಗಿ ಉಳಿಸಿದ್ದಾರೆ. ಅವುಗಳಲ್ಲಿ ‘ಅಪ್ಲಿಕೇಶನ್ ಡೇಟಾ’ ಎಂಬ ಒಂದು ಜಂಕ್ಷನ್ ತಾನಿರುವ ಫೋಲ್ಡರನ್ನೇ ತೋರಿಸುತ್ತದೆ. ಒಳಗೆ ಹೋದರೆ ಮತ್ತೆ ಅದೇ ಬಾಗಿಲು, ಅದರೊಳಗೆ ಮತ್ತೆ ಅದೇ. ಸಾಮಾನ್ಯ ಪ್ರೋಗ್ರಾಮುಗಳು ಒಳನುಗ್ಗದಂತೆ ಮೈಕ್ರೋಸಾಫ್ಟ್ ಅದಕ್ಕೆ ಬೀಗ ಹಾಕಿದೆ. ಆದರೆ ಬ್ಯಾಕಪ್ ಸಾಫ್ಟ್‌ವೇರಿನ ಕೈಯಲ್ಲಿ ಎಲ್ಲ ಬೀಗಕ್ಕೂ ಕೀಲಿ ಇರುತ್ತದಲ್ಲ! ಜಂಕ್ಷನ್ ಗುರುತಿಸದವು ಒಂದೇ ಫೋಲ್ಡರನ್ನು ಒಂದರೊಳಗೊಂದು ನಕಲು ಮಾಡುತ್ತ ಡಿಸ್ಕ್ ತುಂಬಿಸುತ್ತವೆ. ಲಿನಕ್ಸ್ ಈ ವಿಷಯದಲ್ಲಿ ನಿಷ್ಠುರಿ: ಒಂದು ವಿಳಾಸ ಬಿಡಿಸುವಾಗ 40 ಸಿಮ್‌ಲಿಂಕ್ ದಾಟಿದ ಮೇಲೆ ‘ಇನ್ನಾಗದು’ ಎಂದು ಕೈಚೆಲ್ಲುತ್ತದೆ.

ಇಷ್ಟು ಹೊತ್ತಿನ ಕತೆ ಮರೆವಿನದು. ಕೇಡು ಬಗೆಯುವವರು ನಡುವೆ ಬಂದರೆ ಕತೆಯೇ ಬೇರೆ. 2010ರಲ್ಲಿ ಬಯಲಾದ, ಇರಾನಿನ ನತಾನ್ಜ್ ಯುರೇನಿಯಂ ಘಟಕವನ್ನು ಗುರಿಯಾಗಿಸಿಕೊಂಡ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸ್ ಶಾರ್ಟ್‌ಕಟ್ಟಿನ ಒಂದು ದೋಷ ಹಿಡಿದು. ಶಾರ್ಟ್‌ಕಟ್ಟನ್ನು ಒತ್ತುವುದೇ ಬೇಕಿರಲಿಲ್ಲ. ಪೆನ್‌ಡ್ರೈವಿನ ಫೋಲ್ಡರ್ ತೆರೆದು ಅದರ ಚಿತ್ರ ಪರದೆಯ ಮೇಲೆ ಮೂಡಿದರೆ ಸಾಕಿತ್ತು. ಸೋಂಕು ತಗುಲಿದ ದೇಶಗಳ ಪಟ್ಟಿಯಲ್ಲಿ ಇರಾನ್, ಇಂಡೊನೇಷ್ಯಾ ನಂತರ ಭಾರತವೇ ಇತ್ತು. 2020ರಲ್ಲಿ ರ‍್ಯಾಕ್911 ಲ್ಯಾಬ್ಸ್ ಸಂಶೋಧಕರು 28 ಆ್ಯಂಟಿವೈರಸ್ ಉತ್ಪನ್ನಗಳಲ್ಲಿ ಒಂದೇ ಬಗೆಯ ಕೊರತೆ ತೋರಿಸಿದರು. ಆ್ಯಂಟಿವೈರಸ್ ಒಂದು ಫೈಲನ್ನು ‘ಕೆಟ್ಟದ್ದು’ ಎಂದು ಗುರುತಿಸಿ, ಅಳಿಸಲು ಕೈ ಎತ್ತುವ ನಡುವಿನ ಕ್ಷಣದಲ್ಲಿ ಆ ಜಾಗಕ್ಕೆ ಜಂಕ್ಷನ್ ಅಥವಾ ಸಿಮ್‌ಲಿಂಕ್ ತಂದಿಟ್ಟರೆ, ಕಾವಲುಗಾರನೇ ಕಂಪ್ಯೂಟರಿನ ಮುಖ್ಯ ಫೈಲನ್ನು ಅಳಿಸಿಬಿಡುತ್ತಾನೆ. ನೋಡಿದ್ದು ಒಂದು, ಹೊಡೆದದ್ದು ಇನ್ನೊಂದು. ಗುರುತು ಹಿಡಿಯುವುದೂ ಕೆಲಸ ಮುಗಿಸುವುದೂ ಒಂದೇ ಹಿಡಿತದಲ್ಲಿ ನಡೆಯಬೇಕು ಎಂಬುದು ಇಲ್ಲಿಂದ ಸ್ಪಷ್ಟ.

ಹೆಸರಿನಲ್ಲೇ ಅಡಗಿರುವ ಅಲಿಯಾಸುಗಳು ಇನ್ನೂ ಸೂಕ್ಷ್ಮ. ವಿಂಡೋಸಿನ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿಗೆ ಡಾಸ್ ಕಾಲದ ಎಂಟಕ್ಷರದ ಚುಟುಕು ಹೆಸರೂ ಉಂಟು. ವಿಂಡೋಸ್, ಮ್ಯಾಕ್ ಎರಡೂ ಸಾಮಾನ್ಯವಾಗಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದ ಮಾಡುವುದಿಲ್ಲ. 2014ರ ಡಿಸೆಂಬರಿನಲ್ಲಿ ಗಿಟ್ ಎಂಬ ಜಗತ್ಪ್ರಸಿದ್ಧ ಕೋಡ್ ಸಂಗ್ರಹ ವ್ಯವಸ್ಥೆ ಇಲ್ಲೇ ಎಡವಿತು. ತನ್ನ ಗುಟ್ಟಿನ ಫೋಲ್ಡರಿನ ಹೆಸರನ್ನು ಬೇರೆಯವರು ಬಳಸದಂತೆ ಅದು ತಡೆದಿತ್ತು. ಆದರೆ ಅದೇ ಹೆಸರನ್ನು ದೊಡ್ಡಕ್ಷರದಲ್ಲೋ ಚುಟುಕಾಗಿಯೋ ಬರೆದರೆ ತಡೆಯುತ್ತಿರಲಿಲ್ಲ. ಬಾಗಿಲಲ್ಲಿ ಬೇರೆ ಹೆಸರು ಹೇಳಿ ಒಳಬಂದ ಫೈಲು ಒಳಗೆ ಅಸಲಿ ಗುಟ್ಟಿನ ಫೋಲ್ಡರಿನಲ್ಲೇ ಹೋಗಿ ಕೂರುತ್ತಿತ್ತು.

ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರದ ಕಾಟವಿಲ್ಲ. ಅದರ ಕಾಟವೇ ಬೇರೆ. ‘ಕೋಲಾರ’ ಎಂಬ ಹೆಸರನ್ನು ಯುನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ‘ಕೋ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆದರೆ ಇಡೀ ಹೆಸರು 5 ಸಂಕೇತ, 15 ಬೈಟ್. ಅದೇ ಚಿಹ್ನೆಯನ್ನು ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡಾಗಿ ಬರೆದರೆ 7 ಸಂಕೇತ, 21 ಬೈಟ್. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಯುನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ. ಮ್ಯಾಕ್ ಇವೆರಡನ್ನೂ ಒಂದೇ ಹೆಸರೆಂದು ಕಾಣುತ್ತದೆ. ಅದರ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯಂತೂ ತುಂಡು ಮಾಡಿಯೇ ಇಡುತ್ತಿತ್ತು. ವಿಂಡೋಸಿನ ಎನ್‌ಟಿಎಫ್‌ಎಸ್, ಲಿನಕ್ಸಿನ ಸಾಮಾನ್ಯ ಡಿಸ್ಕುಗಳು ಇವು ಎರಡು ಬೇರೆ ಹೆಸರು ಎನ್ನುತ್ತವೆ. ಹಳೆಯ ಮ್ಯಾಕ್‌ನಿಂದ ತಂದ ‘ಕೋಲಾರ’ವೂ ವಿಂಡೋಸಿನಲ್ಲಿ ಟೈಪಿಸಿದ ‘ಕೋಲಾರ’ವೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕೂತು, ನೋಡಿದವರು ಕಣ್ಣುಜ್ಜಿಕೊಳ್ಳುವಂತೆ ಮಾಡಬಲ್ಲವು. ಆ ಎರಡನ್ನೂ ಮ್ಯಾಕ್‌ಗೆ ನಕಲು ಮಾಡುವ ಸಾಫ್ಟ್‌ವೇರ್ ಎಚ್ಚರ ತಪ್ಪಿದರೆ ಎರಡನೆಯದು ಮೊದಲನೆಯದರ ಮೇಲೆಯೇ ಹೋಗಿ ಕೂರುತ್ತದೆ, ಒಂದು ಫೈಲು ಸದ್ದಿಲ್ಲದೆ ಹೋಗುತ್ತದೆ.

ಈ ಎಲ್ಲ ಪ್ರಸಂಗಗಳ ನಡುವೆ ಒಂದು ಪ್ರಶ್ನೆ ತೇಲಿ ಹೋಗುವುದುಂಟು: ಅಲಿಯಾಸ್ ಎಂದು ತಿಳಿದ ಮೇಲೆ ಮಾಡಬೇಕಾದ್ದೇನು? ಇದಕ್ಕೆ ಒಂದೇ ಉತ್ತರವಿಲ್ಲ, ಕೆಲಸಕ್ಕೆ ತಕ್ಕಂತೆ ಉತ್ತರ. ತೆರೆಯುವಾಗ ಅಲಿಯಾಸಿನ ಬೆನ್ನು ಹತ್ತಿ ಅಸಲಿಗೆ ಹೋಗಬೇಕು. ಅಳಿಸುವಾಗ ಅಲಿಯಾಸನ್ನಷ್ಟೇ ತೆಗೆದು ಅಸಲಿಯನ್ನು ಮುಟ್ಟಬಾರದು. ವಿಂಡೋಸ್ 2000 ಕಾಲದಲ್ಲಿ ಎಕ್ಸ್‌ಪ್ಲೋರರ್‌ನಿಂದ ಜಂಕ್ಷನ್ ಅಳಿಸಿದರೆ ಅಸಲಿ ಫೋಲ್ಡರಿನ ಫೈಲುಗಳಿಗೂ ಕುತ್ತು ಎಂದು ಮೈಕ್ರೋಸಾಫ್ಟೇ ಎಚ್ಚರಿಸಬೇಕಾಗಿತ್ತು. ಬ್ಯಾಕಪ್ ಮಾಡುವಾಗ ಅಲಿಯಾಸನ್ನು ಅಲಿಯಾಸಾಗಿಯೇ ಉಳಿಸಬೇಕು. ಗಾತ್ರ ಲೆಕ್ಕ ಹಾಕುವಾಗ ಒಮ್ಮೆ ಮಾತ್ರ ಎಣಿಸಬೇಕು. ವಿಂಡೋಸಿನ ‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರ್ ಹಲವು ಜಿಬಿ ನುಂಗಿದೆ ಎಂದು ಗಾಬರಿಯಾಗಿ ಅದನ್ನು ಅಳಿಸಲು ಹೋದವರಿಗೆ ಲೆಕ್ಕವಿಲ್ಲ. ಅಲ್ಲಿರುವ ಬಹುಪಾಲು ಫೈಲುಗಳು ಹಾರ್ಡ್ ಲಿಂಕುಗಳು. ಎಕ್ಸ್‌ಪ್ಲೋರರ್ ಅವನ್ನು ಇಲ್ಲೊಮ್ಮೆ ಅಲ್ಲೊಮ್ಮೆ ಎಣಿಸಿ ಗಾತ್ರ ಉಬ್ಬಿಸಿ ತೋರಿಸುತ್ತದೆ. ‘ಡೂಪ್ಲಿಕೇಟ್ ಹುಡುಕಿ ಜಾಗ ಉಳಿಸಿಕೊಡುತ್ತೇವೆ’ ಎನ್ನುವ ಸಾಫ್ಟ್‌ವೇರುಗಳಿಗೂ ಇದೇ ಪರೀಕ್ಷೆ. ಒಂದೇ ಫೈಲನ್ನು ಎರಡು ದಾರಿಯಿಂದ ನೋಡಿ ‘ಎರಡು ಪ್ರತಿ ಇವೆ, ಒಂದನ್ನು ಅಳಿಸಲೇ?’ ಎಂದು ಕೇಳಿದರೆ, ಬಳಕೆದಾರರು ಹೂಂ ಎಂದ ಮೇಲೆ ಉಳಿಯುವುದು ಸೊನ್ನೆ.

ಕೊಳ್ಳುವವರ ಕೈಯಲ್ಲೂ ಒಂದು ಹತೋಟಿ ಇದೆ. ಬ್ಯಾಂಕು, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆಗಳು ಬ್ಯಾಕಪ್ ಅಥವಾ ದಾಖಲೆ ನಿರ್ವಹಣೆಯ ಸಾಫ್ಟ್‌ವೇರ್ ಕೊಳ್ಳುವಾಗ ಟೆಂಡರಿನಲ್ಲಿ ಬಣ್ಣಬಣ್ಣದ ವರದಿಗಳನ್ನು ಕೇಳುತ್ತವೆ, ಇದನ್ನು ಕೇಳುವುದಿಲ್ಲ. ಕೇಳಲು ಹೆಚ್ಚೇನೂ ಬೇಡ, ಒಂದು ಪರೀಕ್ಷಾ ಫೋಲ್ಡರ್ ಸಾಕು. ಅದರಲ್ಲಿ ವಿಂಡೋಸ್ ಶಾರ್ಟ್‌ಕಟ್ ಒಂದು, ಜಂಕ್ಷನ್ ಒಂದು, ತನ್ನನ್ನೇ ತೋರಿಸುವ ಜಂಕ್ಷನ್ ಇನ್ನೊಂದು. ಮ್ಯಾಕ್‌ನ ಅಲಿಯಾಸ್, ಅದರ ಪಕ್ಕದಲ್ಲಿ ಸಿಮ್‌ಲಿಂಕ್, ಅಸಲಿ ಕಳೆದುಹೋದ ಅನಾಥ ಸಿಮ್‌ಲಿಂಕ್. ಎರಡು ಹೆಸರಿನ ಹಾರ್ಡ್ ಲಿಂಕ್. ಇನ್ನೂ ಕ್ಲೌಡ್‌ನಿಂದ ಇಳಿಯದ ಒಂದು ಫೈಲು. ಕೊನೆಗೆ ಎರಡು ಬಗೆಯಲ್ಲಿ ಬರೆದ ‘ಕೋಲಾರ’. ಮಾರಲು ಬಂದವರು ಈ ಫೋಲ್ಡರನ್ನು ಎಲ್ಲರೆದುರು ನಕಲು ಮಾಡಿ, ಆಮೇಲೆ ನಕಲನ್ನು ಅಳಿಸಿ ತೋರಿಸಲಿ. ಅಸಲಿ ಎಷ್ಟಿತ್ತೋ ಅಷ್ಟೇ ಉಳಿದಿದೆಯೇ ಎಂದು ಎಣಿಸಲು ಹತ್ತು ನಿಮಿಷ ಸಾಕು. ಎಣಿಸುವಾಗ ಕೊನೆಯ ಸಾಲಿನಲ್ಲಿ ಎರಡು ‘ಕೋಲಾರ’ ಇರಬೇಕು, 15 ಬೈಟಿನದೊಂದು, 21 ಬೈಟಿನದೊಂದು.